ಕೆಪಿ ಕೇಳದೆ ಕಟ್ಟಿದ ಸ್ಕ್ವಾಡ್: ವೇಲ್ ಗಾರ್ಡಿಯನ್ ಹೊಡೆದ ನನ್ನ ಅನುಭವ

ಗಿಲ್ಡ್ ವಾರ್ಸ್ 2 ಎಂಬ ಆನ್‌ಲೈನ್ ಆಟದಲ್ಲಿ ರೇಡ್‌ಗೆಂದು (ಹತ್ತು ಜನ ಸೇರಿ ಬಾಸ್ ಎಂಬ ದೊಡ್ಡ ಶತ್ರುವನ್ನು ಹೊಡೆಯುವ ಕಾಳಗ) ಎಲ್‌ಎಫ್‌ಜಿ, ಅಂದರೆ ಜೊತೆಗಾರರನ್ನು ಹುಡುಕುವ ಪಟ್ಟಿ, ತೆರೆದವರಿಗೆ ಗೊತ್ತು. "250 ಎಲ್‌ಐ", "ಅನುಭವಸ್ಥರು ಮಾತ್ರ", "ಕೆಪಿ ತೋರಿಸಿ", ಮೇಲಿಂದ ಕೆಳಗಿನವರೆಗೆ ಇದೇ. ಎಲ್‌ಐ ಎಂದರೆ ರೇಡ್ ಬಾಸ್ ಬಿದ್ದಾಗ ಸಿಗುವ ಬಿಲ್ಲೆ, ಕೆಪಿ ಎಂದರೆ ಹಿಂದೆ ಬಾಸ್ ಹೊಡೆದದ್ದಕ್ಕೆ ಪುರಾವೆ. ಕೆಪಿ ಇಲ್ಲದವ ರೇಡ್ ಆಡುವ ಹಾಗಿಲ್ಲ, ರೇಡ್ ಆಡದವನಿಗೆ ಕೆಪಿ ಸಿಗುವ ಹಾಗಿಲ್ಲ. ಹಾಗಾದರೆ ನನ್ನದೇ ಸ್ಕ್ವಾಡ್ (ತಂಡ) ತೆರೆಯುತ್ತೇನೆ, ಬಂದವರನ್ನೆಲ್ಲ ಸೇರಿಸುತ್ತೇನೆ, ವಾಯ್ಸ್ ಇಲ್ಲದೆಯೇ ಆಡಿಸುತ್ತೇನೆ ಎಂದಾಗ ನಮ್ಮ ಡಿಸ್ಕಾರ್ಡಿನ ಮಂಗಳೂರು ಹುಡುಗರಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. "ಬದಿಯಡ್ಕದಲ್ಲಿ ಕೂತು 190 ಪಿಂಗ್‌ನಲ್ಲಿ ಕಮಾಂಡರ್ ಆಗುವುದಾ ಭಾವಾ? ನಿಮಗೆ ಮರುಳು." ಪಿಂಗ್ ಎಂದರೆ ಸರ್ವರಿಗೆ ಹೋಗಿ ಬರುವ ವಿಳಂಬ, ಕಮಾಂಡರ್ ಎಂದರೆ ಸ್ಕ್ವಾಡಿನ ಮುಂದಾಳು. ಈಗ ನಕ್ಕವರಲ್ಲಿ ಇಬ್ಬರು ವಾರವಾರ ನನ್ನ ಸ್ಕ್ವಾಡಿಗೇ ಬಂದು ಎಲ್‌ಐ ಕಟ್ಟಿಕೊಂಡು ಹೋಗುತ್ತಾರೆ. ಆದ್ದರಿಂದ ಬರೆಯುವ ಹಕ್ಕು ನನಗೆ ಉಂಟು ಎಂದುಕೊಂಡಿದ್ದೇನೆ.

ಮೊದಲು ದುಡ್ಡಿನ ವಿಷಯ. ಮೂಲ ಆಟ 2015ರಿಂದ ಪುಕ್ಕಟೆ, ತಿಂಗಳ ಬಾಡಿಗೆಯೂ ಇಲ್ಲ. ಆದರೆ ಈ ರೇಡ್ ಬೇಕಾದರೆ ಹಾರ್ಟ್ ಆಫ್ ಥಾರ್ನ್ಸ್ ಎಂಬ ವಿಸ್ತರಣೆ ಕೊಳ್ಳಲೇಬೇಕು. ಸೇಲ್ ಬರುವವರೆಗೆ ಕಾದು, ಇನ್ನೊಂದು ವಿಸ್ತರಣೆ ಪಾತ್ ಆಫ್ ಫೈರ್ ಜೊತೆಗೇ, 1,300 ರೂಪಾಯಿ ಹತ್ತಿರ ಕೊಟ್ಟ ನೆನಪು. ನನ್ನ ಬ್ಯಾಂಕಿನ ಕಾರ್ಡು ವಿದೇಶದ ಪಾವತಿಗೆ ಒಪ್ಪಲಿಲ್ಲ, ಅಳಿಯನ ಕಾರ್ಡು ಎರವಲು ತಂದದ್ದು. ಮುಂದಾಳಿನ ತಲೆಯ ಮೇಲೆ ಕಾಣುವ ಗುರುತು, ಕಮಾಂಡರ್ ಟ್ಯಾಗಿಗೆ, 300 ಗೋಲ್ಡ್ (ಆಟದೊಳಗಿನ ಹಣ). ರೂಪಾಯಿ ಕೊಟ್ಟು ಜೆಮ್ ಕೊಂಡು ಗೋಲ್ಡ್ ಮಾಡಬಹುದಿತ್ತು, ಮನಸ್ಸು ಬರಲಿಲ್ಲ. ದಿನದ ಫ್ರ್ಯಾಕ್ಟಲ್ (ಐದು ಜನರ ಸಣ್ಣ ಕಾಳಗ) ಮುಗಿಸಿದರೆ ಹದಿನೈದಿಪ್ಪತ್ತು ಗೋಲ್ಡ್ ಕೂಡುತ್ತಿತ್ತು, ಅದರಲ್ಲೇ ಎತ್ತಿದೆ.

ನಿಜವಾಗಿ ಕೈ ಸುಟ್ಟದ್ದು ಆಟದ ಹೊರಗೆ. ತುಲಾ ತಿಂಗಳ ಸಂಜೆ ಗುಡುಗು ನಮ್ಮ ಕಡೆಯವರಿಗೆ ಹೇಳಿ ಕೊಡಬೇಕಾಗಿಲ್ಲ. ಫೈಬರ್ ಅಲ್ವಾ, ಮಿಂಚಿಗೆ ಹೆದರಬೇಕಿಲ್ಲ ಎನ್ನುವವರ ಮಾತು ಕೇಳಬೇಡಿ. ಮಿಂಚು ಬರುವುದು ಅಡಾಪ್ಟರಿನ ದಾರಿಯಲ್ಲಿ. ಮೋಡೆಮ್ ಹೋಯಿತು, ಹೊಸದಕ್ಕೆ 2,000ದಷ್ಟು. ಆಮೇಲೆ ಮೋಡೆಮಿಗೆಂದೇ ಒಂದು ಸಣ್ಣ ಯುಪಿಎಸ್, ಸುಮಾರು 1,400. ಗುಡುಗು ಕೇಳಿದ ಕೂಡಲೇ ಗೋಡೆಯಿಂದ ಪಿನ್ ಕೀಳುವುದು, ಮೋಡೆಮ್ ಬ್ಯಾಟರಿಯಲ್ಲೇ ಓಡುತ್ತದೆ. ಪೇಟೆಯಲ್ಲಿ ಕೇಬಲಿನವರ ಪೆಟ್ಟಿಗೆಗೇ ಕರೆಂಟು ಇಲ್ಲದಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದ್ದೇನೆ. ಪಿಂಗ್ 300 ದಾಟಿ ಕುಣಿಯುತ್ತದೆ, ಹತ್ತು ಜನರನ್ನು ನಂಬಿಸಿ ಕರೆದುಕೊಂಡು ಹೋಗುವ ಕೆಲಸಕ್ಕೆ ಅದು ಆಗದು.

ಇನ್ನು ಹೊತ್ತು. ಜೊತೆಗೆ ಆಡುವವರು ಯುರೋಪಿನವರು. ಮಧ್ಯ ಯುರೋಪಿನ ರಾತ್ರಿ 8 ಎಂದರೆ ನಮಗೆ ಬೇಸಿಗೆಯಲ್ಲಿ 11:30, ಚಳಿಗಾಲದಲ್ಲಿ 12:30. ಆ ಹೊತ್ತಿಗೆ ದೊಡ್ಡ ಗಿಲ್ಡಿನವರು (ಆಟಗಾರರ ಸಂಘದವರು) ತುಂಬಿರುತ್ತಾರೆ, ನನ್ನ ಸಾಲು ಯಾರಿಗೂ ಕಾಣುವುದಿಲ್ಲ. ನಾನು ಅದಕ್ಕಿಂತ ಮೊದಲೇ, ಅವರಲ್ಲಿ ಜನ ಆಫೀಸು ಬಿಟ್ಟು ಮನೆ ಸೇರುವ ಹೊತ್ತಿಗೆ ತೆರೆಯುತ್ತೇನೆ. ವಾರದ ಯಾವ ದಿನ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸೋಮವಾರ ಅಲ್ಲ, ಅಷ್ಟು ಹೇಳಬಲ್ಲೆ. ವಾರದ ಬಹುಮಾನದ ಲೆಕ್ಕ ಹೊಸತಾಗುವ ಆ ದಿನ ಅನುಭವಸ್ಥರೆಲ್ಲ ತಮ್ಮತಮ್ಮವರ ಜೊತೆ ಇರುತ್ತಾರೆ.

ಕೆಪಿ ಯಾಕೆ ಬೇಡ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ರೇಡಿನ ಮೊದಲ ಬಾಸ್ ವೇಲ್ ಗಾರ್ಡಿಯನ್‌ನ ಜೀವ ಸುಮಾರು 2.2 ಕೋಟಿ, ಸಮಯ 8 ನಿಮಿಷ. ನಡುವೆ ಎರಡು ಸಲ ಒಡೆದು ಬರುವ ಮೂರು ಮರಿಗಳನ್ನು ಸೇರಿಸಿದರೂ, ಎಂಟು ಜನ ಹೊಡೆಯುವವರು ಸೆಕೆಂಡಿಗೆ ತಲಾ 10–12 ಸಾವಿರ ಹೊಡೆದರೆ ಸಾಕು. 40 ಸಾವಿರ ಹೊಡೆಯುವವನನ್ನು ಹುಡುಕುತ್ತಾ ಅರ್ಧ ಗಂಟೆ ಎಲ್‌ಎಫ್‌ಜಿಯಲ್ಲಿ ಕೂರುವುದು ಯಾತಕ್ಕೆ? ಈ ಬಾಸ್‌ನಲ್ಲಿ ಸ್ಕ್ವಾಡ್ ಸಾಯುವುದು ಡ್ಯಾಮೇಜ್ ಸಾಲದೆ ಅಲ್ಲ, ಜನ ಚದುರುವುದರಿಂದ.

ಚದುರಿಸುವುದು ನೆಲದ ಮೇಲೆ ಮೂಡುವ ಹಸಿರು ವೃತ್ತ. ನಾಲ್ಕು ಜನ ಒಳಗೆ ನಿಲ್ಲದಿದ್ದರೆ ಎಲ್ಲರಿಗೂ ಜೀವದ ನೂರಕ್ಕೆ 80 ಪಾಲು ಪೆಟ್ಟು. ಎಲ್ಲರ ಹಾಗೆ ನಾನೂ ಮೊದಲು ನಾಲ್ಕು ಜನರನ್ನು ಹಸಿರಿಗೆಂದು ಗುರುತಿಸುತ್ತಿದ್ದೆ. ಮೂವರು ಓಡಿ ಹೋಗುವರು, ನಾಲ್ಕನೆಯವ ನೀಲಿ ವೃತ್ತ ಮೆಟ್ಟಿ ಮೈದಾನದ ಇನ್ನೊಂದು ಕೊನೆಗೆ ಎಸೆಯಲ್ಪಟ್ಟಿರುವನು. ಪೆಟ್ಟು ಎಲ್ಲರಿಗೂ ಬೀಳುತ್ತದೆ, ಓಡಿದ ಮೂವರಿಗೆ ಹೀಲ್, ಅಂದರೆ ಜೀವ ತುಂಬುವ ವಿದ್ಯೆ, ತಲುಪುವುದಿಲ್ಲ. ಹೀಗೇ ಸತ್ತು ಸತ್ತು, ಎರಡನೇ ಸೋಲಿಗೆ ಒಬ್ಬ, ಮೂರನೆಯದಕ್ಕೆ ಇಬ್ಬರು ಜಾಗ ಖಾಲಿ ಮಾಡುವುದು, ನಾನು ಮತ್ತೆ ಎಲ್‌ಎಫ್‌ಜಿಗೆ ಹೋಗುವುದು. ವಾರಗಟ್ಟಲೆ ಇದೇ ಪಾಡು.

ಕೊನೆಗೆ ಹಸಿರನ್ನೇ ಬಿಟ್ಟುಬಿಟ್ಟೆ. ಯಾರೂ ಹೋಗಬೇಡಿ, ಒಟ್ಟಿಗೆ ನಿಲ್ಲಿ, 80 ಪಾಲು ತಿನ್ನಿ, ಹೀಲರ್ ಎತ್ತುತ್ತಾನೆ. ಅನುಭವಸ್ಥರು ಬಹಳ ಕಾಲದಿಂದ ಮಾಡುತ್ತಿದ್ದದ್ದೇ ಇದು. ಹೊಸಬರಿಗೆ ಇದು ಕಷ್ಟ ಎಂದು ಎಲ್ಲರೂ ನಂಬಿದ್ದರು, ನಿಜದಲ್ಲಿ ಹೊಸಬರಿಗೇ ಇದು ಸುಲಭ, ಕಲಿಯಬೇಕಾದ ಒಂದು ವಿಷಯವೇ ಕಡಿಮೆಯಾಯಿತಲ್ಲ. ಷರತ್ತು ಒಂದೇ, ಗಟ್ಟಿ ಹೀಲರ್ ಇಬ್ಬರು. ಒಬ್ಬ ನಾನು: ಮಿನ್‌ಸ್ಟ್ರೆಲ್ ಎಂಬ ಗೇರ್ (ಉಡುಗೆ, ಆಯುಧ) ತೊಟ್ಟ ಫೈರ್‌ಬ್ರಾಂಡ್ ಪಾತ್ರ, ಗುಂಪಿನ ಕೈ ಚುರುಕು ಮಾಡುವ ಕ್ವಿಕ್‌ನೆಸ್ ನನ್ನದೇ, ಬಾಸ್‌ನ ಪೆಟ್ಟು ತನ್ನ ಕಡೆ ಎಳೆಯುವ ಟ್ಯಾಂಕೂ ನಾನೇ. ಇನ್ನೊಬ್ಬ ಅಲಾಕ್ರಿಟಿ (ವಿದ್ಯೆಗಳು ಬೇಗ ಮರಳುವಂತೆ ಮಾಡುವ ವರ) ಕೊಡುವ ಹೀಲರ್ ಸಿಗುವವರೆಗೆ ಬಾಗಿಲು ದಾಟುವುದಿಲ್ಲ. ಹತ್ತರಲ್ಲಿ ಉಳಿದ ಐವರ ಎರಡನೇ ಗುಂಪಿಗೂ ಕ್ವಿಕ್‌ನೆಸ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೂ ಮೇಲಿನ ಲೆಕ್ಕ ತಪ್ಪುವುದಿಲ್ಲ.

ಟ್ಯಾಂಕಿನ ವಿಷಯದಲ್ಲಿ ಇನ್ನೊಂದು ಗೋಳು. ಈ ಬಾಸ್ ಹಿಡಿಯುವುದು ಅತಿ ಹೆಚ್ಚು ಟಫ್‌ನೆಸ್ (ಪೆಟ್ಟು ತಾಳುವ ಗಟ್ಟಿತನ) ಇದ್ದವನನ್ನು. ಹೊರಗೆ ಒಬ್ಬನೇ ಅಲೆಯುವ ನೆಕ್ರೋಮ್ಯಾನ್ಸರ್‌ಗಳು (ಮಾಟಗಾರ ಪಾತ್ರದವರು) ಟ್ರೈಲ್‌ಬ್ಲೇಜರ್ ಎಂಬ ಗೇರ್ ತೊಟ್ಟುಕೊಂಡೇ ಬರುತ್ತಾರೆ, ಅದರ ಟಫ್‌ನೆಸ್ ನನ್ನ ಮಿನ್‌ಸ್ಟ್ರೆಲ್‌ಗೆ ಸರಿಸಮ. ಬಾಸ್ ನನ್ನನ್ನು ಬಿಟ್ಟು ಅವನ ಬೆನ್ನು ಹತ್ತುತ್ತದೆ, ಅವನಿಗೆ ಯಾಕೆಂದೇ ಗೊತ್ತಿಲ್ಲ, ಗಾಬರಿಯಲ್ಲಿ ಓಡುತ್ತಾನೆ, ಬಾಸ್ ಅವನ ಹಿಂದೆ, ಎಂಟು ಜನ ಬಾಸ್‌ನ ಹಿಂದೆ. ಗೇರ್ ಬದಲಿಸು ಎಂದರೆ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಉಳಿದವರು ಎದ್ದು ಹೋಗುತ್ತಾರೆ. ಈಗ ನಾನು ಬದಲಿಸು ಎನ್ನುವುದೇ ಇಲ್ಲ. ಬಾಸ್ ಯಾರ ಕಡೆ ಮುಖ ತಿರುಗಿಸಿತೋ ಅವನೇ ಇವತ್ತಿನ ಟ್ಯಾಂಕ್. "ಟ್ಯಾಂಕ್ ನೀನು, ನನಗೆ ಅಂಟಿಕೊಂಡು ನಡೆ" ಎಂದು ಬರೆದು ನಾನು ದಾರಿ ತೋರಿಸುತ್ತೇನೆ. ಅವನಿಗೆ ಕೋಡು ಮೂಡುತ್ತದೆ, ಮುಂದಿನ ವಾರವೂ ಬರುತ್ತಾನೆ. ಅಂಥವನನ್ನು ಹೊರಗೆ ಕಳಿಸುವುದು ದಡ್ಡತನ ಕೂಡ: ಮೂರು ಮರಿಗಳಲ್ಲಿ ಕೆಂಪು ಮರಿಗೆ ಅವನು ಕೊಡುವ ಕಂಡಿಷನ್ ಡ್ಯಾಮೇಜ್ (ವಿಷ, ಉರಿಯಂತೆ ನಿಧಾನ ತಿನ್ನುವ ಪೆಟ್ಟು) ಬಿಟ್ಟರೆ ಬೇರೇನೂ ತಾಗುವುದಿಲ್ಲ.

ಮಾತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನಮ್ಮ ತಾಳಮದ್ದಳೆ ಕೂಟದಲ್ಲಿ ಅರ್ಥಧಾರಿಗಳು ಮೊದಲೇ ಕೂತು ಅಭ್ಯಾಸ ಮಾಡುವುದಿಲ್ಲವಲ್ಲ, ಪ್ರಸಂಗ ಗೊತ್ತಿದ್ದು ಭಾಗವತರ ಪದ್ಯ ಎಲ್ಲಿ ನಿಲ್ಲುತ್ತದೆಂದು ಕಿವಿ ಇಟ್ಟರೆ ಕೂಟ ನಡೆಯುತ್ತದೆ. ಇಲ್ಲಿಯೂ ಅಷ್ಟೇ ಸಾಕು ಎಂಬುದು ನನ್ನ ಪಕ್ಷ. ಮೊದಲು ಎಂಟು ಹತ್ತು ಸಾಲಿನ ವಿವರಣೆ ಬರೆದಿಟ್ಟುಕೊಂಡು ಚಾಟಿಗೆ ಸುರಿಯುತ್ತಿದ್ದೆ. ಬೇಗ ಬೇಗ ಹಾಕಿದರೆ ಆಟವೇ ಮೆಸೇಜ್ ತಡೆಹಿಡಿಯುತ್ತದೆ, ನಿಧಾನ ಹಾಕಿದರೆ ಯಾರೂ ಓದುವುದಿಲ್ಲ. ಈಗ ಮೂರು ಸಾಲು: ನನ್ನ ಟ್ಯಾಗ್ ಮೇಲೆ ನಿಲ್ಲಿ. ನೀಲಿಯಿಂದ ಹೊರಗೆ ಬನ್ನಿ. ಹಸಿರಿಗೆ ಹೋಗಬೇಡಿ. ಉಳಿದದ್ದೆಲ್ಲ ನೆಲದ ಮೇಲಿನ ಮಾರ್ಕರ್: ಬಾಣ, ಹೃದಯ, ಚೌಕ. ನೆಲ ಹೊತ್ತಿದಾಗ ಯಾವ ಕಡೆ ಸರಿಯಬೇಕೆಂದು ಟ್ಯಾಗ್ ನೋಡಿದರೆ ಸಾಕು. ಎಲ್‌ಎಫ್‌ಜಿಯಲ್ಲಿ ನಾನು ಹಾಕುವ ಒಂದು ಸಾಲಿನಲ್ಲೂ ಸ್ವಲ್ಪ ಕೈಚಳಕ ಉಂಟು, ಅದು ನನ್ನಲ್ಲೇ ಇರಲಿ.

ಈ ಮಾತು ಕಡಿಮೆ ಮಾಡುವ ಪಾಠ ಕಲಿತದ್ದು ಬೇರೆ ಕಡೆ. ನಡುವೆ ಒಂದು ಮಳೆಗಾಲ ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆನ್‌ಲೈನ್ ಆಟದ ಉಚಿತ ಟ್ರಯಲ್ ಹಾಕಿ ಜಪಾನ್ ಸರ್ವರಿಗೆ ಹೋಗಿದ್ದೆ. 70ನೇ ಲೆವೆಲ್ ತನಕ ಕಾಸು ಕೇಳುವುದಿಲ್ಲ. ಡ್ಯೂಟಿ ಫೈಂಡರ್ ತಾನೇ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಹೊಡೆಯುವವರನ್ನು ಕೂಡಿಸುತ್ತದೆ, ಕೆಪಿ ಗಿಪಿ ಎಂಬ ಮಾತಿಲ್ಲ. ಟ್ಯಾಬ್ ಒತ್ತಿ ಸಿದ್ಧ ಪದ ಆರಿಸಿದರೆ ಎದುರಿನವನಿಗೆ ಅವನ ಭಾಷೆಯಲ್ಲೇ ಕಾಣುತ್ತದೆ. ಅಷ್ಟರಲ್ಲೇ ಇಡೀ ಡಂಜನ್ ಮುಗಿಯುತ್ತದೆ. ಶುರುವಿಗೊಂದು "ಯೊರೊಶಿಕು" (ಸಹಕರಿಸಿ), ಮುಗಿದ ಮೇಲೊಂದು "ಒತ್ಸುಕರೆ" (ದಣಿದಿರಿ, ಧನ್ಯವಾದ), ಮತ್ತೆ ಮೌನ. ಟ್ರಯಲ್ ದಾಟಿದರೆ ತಿಂಗಳಿಗೆ ಸಾವಿರ ರೂಪಾಯಿಯ ಮೇಲೆ ಬೇಕು. ಆ ವರ್ಷ ಅಡಿಕೆಗೆ ಕೊಳೆರೋಗ ಬೇರೆ. ವಾಪಸ್ಸು ಬಂದೆ.

ಹತ್ತೂ ಜನ ನೆಕ್ರೋಮ್ಯಾನ್ಸರ್‌ಗಳೇ ಆದರೆ ಹೇಗೆ ಎಂದು ಒಮ್ಮೆ ತಮಾಷೆಗೆ ನೋಡಿದೆವು. ಅವರ ಶ್ರೌಡ್ ಎಂಬ ವಿದ್ಯೆ ಎಂದರೆ ಇನ್ನೊಂದು ಜೀವ, ಸಾಯಲು ಮನಸ್ಸಿದ್ದರೂ ಸಾಯಲಾಗುವುದಿಲ್ಲ. ಗೆದ್ದೆವು, ಆದರೆ ಬೋರು. ಮಂಗಳೂರಿನವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಸ್ಥಿತಿ ಹೀಗೆ: ಬಂದ ಹತ್ತರಲ್ಲಿ ನಾಲ್ಕೈದು ಜನ ರೇಡ್ ಬಾಗಿಲನ್ನೇ ಕಂಡವರಲ್ಲ, ಆದರೂ ಹೆಚ್ಚಿನ ವಾರ ಒಂದು ಗಂಟೆಯೊಳಗೆ ವೇಲ್ ಗಾರ್ಡಿಯನ್ ಬೀಳುತ್ತದೆ. ಮುಂದಿನ ಬಾಸ್ ಗೋರ್ಸೆವಾಲ್‌ಗೆ ಮಾತ್ರ ಈ ಸೂತ್ರ ಸಾಲುತ್ತಿಲ್ಲ. ನಾಲ್ಕು ಕಡೆಯಿಂದ ಬರುವ ಆತ್ಮಗಳನ್ನು ತಡೆಯಲು ಜನರನ್ನು ಹಂಚಲೇಬೇಕು, ಹಂಚಿದರೆ ಮತ್ತೆ ಚದುರುತ್ತಾರೆ. ಮಾರ್ಕರ್ ಒಂದೊಂದರ ಮೇಲೆ ಇಬ್ಬಿಬ್ಬರನ್ನು ನಿಲ್ಲಿಸುವ ಪ್ರಯೋಗ ನಡೆದಿದೆ, ಅದರ ದೊಡ್ಡ ಪೆಟ್ಟು ತಪ್ಪಿಸಲು ಗೋಡೆ ಒಡೆದು ಗ್ಲೈಡರ್‌ನಲ್ಲಿ ಹಾರುವುದನ್ನು ಇನ್ನೂ ಬಿಟ್ಟಿಲ್ಲ. ಹಾಗೆ ಹಾರದೆ ಅಪರಿಚಿತರನ್ನು ಕಟ್ಟಿಕೊಂಡು ಹೊಡೆದವರು ನಿಮ್ಮಲ್ಲಿ ಇದ್ದರೆ, ಆತ್ಮಗಳಿಗೆ ಯಾರನ್ನು ಕಳಿಸುತ್ತೀರಿ ಎಂದು ಬರೆಯಿರಿ.