ಮಳೆಗಾಲದಲ್ಲಿ ಡೊಳ್ಳಿನ ಚರ್ಮಕ್ಕೆ ಬೂಷ್ಟು ಹಿಡಿದರೆ

ಜುಲೈ ಬಂತು ಅಂದರೆ ಮಲೆನಾಡಿನಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಡೊಳ್ಳಿಗೋ ತಮಟೆಗೋ ಅಂತ ಒಣಗಿಸಿಟ್ಟ ಮೇಕೆ ಚರ್ಮವನ್ನು ಬಿಟ್ಟೀತಾ? ಗಾಬರಿ ಬೇಡ, ಬೇಗ ನೋಡಿಕೊಂಡರೆ ಸಾಮಾನ್ಯವಾಗಿ ಚರ್ಮ ಉಳಿಯುತ್ತದೆ. ಆದರೆ ಕಂಡ ಕೂಡಲೇ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋಗಬೇಡಿ. ಬೂಷ್ಟಿಗೆ ಬೇಕಾಗಿರೋದೇ ನೀರು.

ಮೊದಲು ಚರ್ಮ ಗಟ್ಟಿ ಇದೆಯಾ ನೋಡಿ. ಕೂದಲಿದ್ದರೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಂದೆರಡು ಎಳೆ ಬಂದರೆ ಪರವಾಗಿಲ್ಲ, ಬುಡಸಮೇತ ಗೊಂಚಲು ಗೊಂಚಲಾಗಿ ಬಂದರೆ ಒಳಗೆ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಡೊಳ್ಳಿಗೆ ಕೂದಲು ಹೇಗೂ ತೆಗೆಯುತ್ತೀವಲ್ಲ ಅನ್ನಬೇಡಿ, ಕೊಳೆತ ಜಾಗ ಹಗ್ಗ ಬಿಗಿಯುವಾಗಲೇ ಹರಿಯುತ್ತದೆ. ಉಪ್ಪು ಹಾಕಿಟ್ಟ ಚರ್ಮದ ಮೇಲೆ ಗುಲಾಬಿ, ಕೆಂಪು ಮಚ್ಚೆ ಕಂಡರೆ ಅದು ಬೂಷ್ಟೇ ಅಲ್ಲ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿ. ಒಮ್ಮೆ ಬಳಸಿದ ಉಪ್ಪನ್ನೇ ಮತ್ತೆ ಹಾಕಿದರೆ ಅದೂ ಜೊತೆಗೇ ಬರುತ್ತದೆ, ಹಳೇ ಉಪ್ಪು ಎಸೆದುಬಿಡಿ.

ಚರ್ಮ ಗಟ್ಟಿ ಇದ್ದರೆ ಮನೆಯಿಂದ ಹೊರಗೆ ತನ್ನಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು, ಉಬ್ಬಸ ಇದ್ದವರು ಈ ಕೆಲಸಕ್ಕೆ ಕೈಹಾಕದಿರೋದೇ ಒಳ್ಳೆಯದು. ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಬೂಷ್ಟಿದ್ದ ಕಡೆ ಮಾತ್ರ ಒರೆಸಿ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ, ಅದು ಚರ್ಮವನ್ನೇ ತಿನ್ನುತ್ತದೆ. ಬಿಸಿನೀರೂ ಬೇಡ, ಚರ್ಮ ಮುದುಡಿ ಅಂಟಂಟಾಗುತ್ತದೆ. ಒರೆಸಿದ ಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ಹರಡಿ ತೂಗುಹಾಕಿ. ಬಿಸಿಲಿಲ್ಲ ಅಂತ ಬೆಂಕಿಗೆ ಹಿಡಿಯಬೇಡಿ, ಫ್ಯಾನ್ ಹಾಕಿ ಸಾಕು. ಕಪ್ಪು ಕಲೆ ಪೂರ್ತಿ ಹೋಗದೇ ಇರಬಹುದು. ಇರಲಿ ಬಿಡಿ.

ಇನ್ನು ಇಡುವ ವಿಷಯ, ನನ್ನ ಪ್ರಕಾರ ಎಡವಟ್ಟಾಗೋದೇ ಇಲ್ಲಿ. ಉಪ್ಪು ಹಾಕಿದ್ದೀವಿ, ಇನ್ನೇನು ಅಂತ ಸುಮ್ನೆ ಇರುತ್ತಾರೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪೇ ನೀರು ಹೀರಿಕೊಂಡು ಕರಗುತ್ತದೆ, ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿಲ್ವಾ? ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ತೇವ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗಾಗಿ ವಾದ್ಯದ ಚರ್ಮವನ್ನು ಬೇಸಿಗೆಯಲ್ಲೇ ಮಾಂಸ, ಕೊಬ್ಬು ಪೂರ್ತಿ ಕೆರೆದು, ಚೌಕಟ್ಟಿಗೆ ಎಳೆದು ಕಟ್ಟಿ, ಉಪ್ಪಿಲ್ಲದೆ ಗರಿಗರಿ ಒಣಗಿಸಿ ಇಡೋದು ವಾಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಸುತ್ತಿ, ಗೋಡೆಗೆ ತಾಗದ ಹಾಗೆ, ಒಲೆ ಹೊಗೆ ಆಡುವ ಅಟ್ಟದಲ್ಲಿಡಿ. ಗ್ಯಾಸ್ ಸ್ಟವ್ ಮನೆಯಲ್ಲಿ ಆ ಅನುಕೂಲ ಇಲ್ಲ, ಅಲ್ಲಿ ವಾರಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಾಕಲೇಬೇಕು. ಬೇವಿನ ಸೊಪ್ಪನ್ನೇ ನೆಚ್ಚಿಕೊಳ್ಳಬೇಡಿ, ಒದ್ದೆ ಚರ್ಮಕ್ಕೆ ಬರುವ ಬೂಷ್ಟು ಅದರಿಂದ ನಿಲ್ಲೋದಿಲ್ಲ.

ಕಾಯಿಲೆ ಬಂದು ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯ ಚರ್ಮ ಮುಟ್ಟಲೇಬೇಡಿ. ಮನುಷ್ಯರಿಗೂ ಅಂಟುವ ಆಂಥ್ರಾಕ್ಸ್ ಕಾಯಿಲೆ ಆಗಿದ್ದರೆ ಅದು ಉಪ್ಪು, ವಿನೆಗರ್ ಯಾವುದಕ್ಕೂ ಜಗ್ಗೋದಿಲ್ಲ, ಪಶುವೈದ್ಯರಿಗೆ ಹೇಳಿ.

ಬೂಷ್ಟು ಬಿಡಿಸಿದ ಚರ್ಮವನ್ನು ಡೊಳ್ಳಿಗೆ ಹಾಕುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ತೆಳ್ಳಗಾದ ಜಾಗ ಮಸುಕು ಗಾಜಿನ ಹಾಗೆ ಹೊಳೆಯುತ್ತದೆ. ಅದು ಅಂಚಿನಲ್ಲಿದ್ದರೆ ಕತ್ತರಿಸಿ ಬಿಡಿ, ನಡುವಿನಲ್ಲಿದ್ದರೆ ಆ ಚರ್ಮದಲ್ಲಿ ಚಿಕ್ಕ ತಮಟೆ ಆಗುತ್ತಾ ಅಂತ ಅಳತೆ ನೋಡಿ.