ಸ್ಕಿಜೋಫ್ರೇನಿಯಾ ಇರುವವರ ಮಾತು ಮತ್ತು ನುಂಗುವಿಕೆ: ಮನೆಯವರು ಮಾಡಬೇಕಾದ್ದೇನು?

ಸ್ಕಿಜೋಫ್ರೇನಿಯಾ ಇರುವವರು ಮಾತು ಕಡಿಮೆ ಮಾಡಿದರೆ ಹಠ ಅಥವಾ ಸೋಮಾರಿತನ ಎಂದುಕೊಳ್ಳುವ ಮನೆಗಳೇ ಹೆಚ್ಚು. ಎರಡೂ ಅಲ್ಲ. ಯೋಚನೆಯನ್ನು ಜೋಡಿಸಿ ವಾಕ್ಯವಾಗಿಸುವ ಕೆಲಸವೇ ಈ ಕಾಯಿಲೆಯಲ್ಲಿ ಕಷ್ಟವಾಗಿರುತ್ತದೆ. ಅದರ ಮೇಲೆ ಔಷಧಿಯ ಅಡ್ಡಪರಿಣಾಮವೂ ಸೇರಿಕೊಂಡಿರಬಹುದು. ಯಾವ ತೊಂದರೆ ಯಾವುದರಿಂದ ಬಂತು ಎಂದು ತಿಳಿಯದೆ ಮಾತಿನ ಅಭ್ಯಾಸ ಶುರುಮಾಡಿದರೆ ಇಬ್ಬರಿಗೂ ಸುಸ್ತೇ ಹೊರತು ಪ್ರಯೋಜನವಿಲ್ಲ.

ಮೊದಲು ಔಷಧಿಯ ಕಡೆ ನೋಡಿ. ದನಿ ಸಣ್ಣದಾಗಿ, ಏರಿಳಿತವಿಲ್ಲದೆ ಬರುತ್ತಿದ್ದು, ಜೊತೆಗೆ ಕೈ ನಡುಕ, ಪುಟ್ಟ ಪುಟ್ಟ ಹೆಜ್ಜೆ ಇದ್ದರೆ ಅದು ಈ ಕಾಯಿಲೆಗೆ ಕೊಡುವ ಮುಖ್ಯ ಔಷಧಿಗಳಾದ ಆಂಟಿಸೈಕೋಟಿಕ್ ಮಾತ್ರೆಗಳಿಂದ ಬರುವ ಪಾರ್ಕಿನ್ಸನ್ ಥರದ ಲಕ್ಷಣ ಆಗಿರಬಹುದು. ಆ ನಡುಕ, ಬಿಗಿತ ತಗ್ಗಿಸಲು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಿಂದ ಬಾಯಿ ಒಣಗಿ ನಾಲಿಗೆ ಅಂಟುತ್ತದೆ. ಆಂಟಿಸೈಕೋಟಿಕ್ ಗುಂಪಿನದೇ ಆದ ಕ್ಲೋಜಪಿನ್‌ನಿಂದ ಜೊಲ್ಲು ತುಂಬುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಔಷಧಿ ತೆಗೆದುಕೊಂಡ ಮೇಲೆ ನಾಲಿಗೆ, ತುಟಿ ತಾವಾಗಿಯೇ ಆಡತೊಡಗಿದರೆ ಟಾರ್ಡಿವ್ ಡಿಸ್ಕಿನೇಷಿಯಾ ಇರಬಹುದು. ಇವಕ್ಕೆ ದಾರಿ ತೋರಿಸಬೇಕಾದವರು ಮನೋವೈದ್ಯರು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವಂತಿಲ್ಲ. ಹೊಸ ಔಷಧಿ ಶುರುವಾದ ಮೊದಲ ದಿನಗಳಲ್ಲಿ ದವಡೆ ಬಿಗಿದು, ನಾಲಿಗೆ ಹೊರಚಾಚಿ, ಕತ್ತು ತಿರುಚಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮನಸ್ಸಿನ ಏರುಪೇರು ತಡೆಯಲು ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿ, ಭೇದಿ, ಜೋರು ನಡುಕದ ಜೊತೆ ಮಾತು ತೊದಲಿದರೂ ಹಾಗೆಯೇ. ಮಾತು ಇದ್ದಕ್ಕಿದ್ದಂತೆ ತೊದಲಿ ಮುಖ ಒಂದು ಕಡೆ ವಾಲಿದರೆ ಅದು ಪಾರ್ಶ್ವವಾಯು ಇರಬಹುದು, 108ಕ್ಕೆ ಕರೆ ಮಾಡಿ.

ಇನ್ನು ದಿನನಿತ್ಯದ ಮಾತುಕತೆ. ಟಿವಿ ಆರಿಸಿ, ಎದುರಿಗೆ ಕೂತು, ಒಂದು ವಾಕ್ಯದಲ್ಲಿ ಒಂದೇ ವಿಷಯ ಹೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅಲ್ಲಿಯವರೆಗೆ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಬಾರದು. ಕೇಳಿದರೆ ಅವರ ತಲೆಯಲ್ಲಿ ಅರ್ಧ ಸಿದ್ಧವಾಗಿದ್ದ ಉತ್ತರ ಕಳೆದುಹೋಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದು. ‘ಏನು ಬೇಕು?’ ಎನ್ನುವುದಕ್ಕಿಂತ ‘ಕಾಫಿನಾ, ಟೀನಾ?’ ಎಂದರೆ ಉತ್ತರ ಸುಲಭವಾಗಿ ಬರುತ್ತದೆ. ಅವರಿಗೆ ಆಗ ಧ್ವನಿಗಳು ಕೇಳಿಸುತ್ತಿದ್ದರೆ ಗಮನ ಎರಡು ಕಡೆ ಹಂಚಿಹೋಗಿರುತ್ತದೆ. ‘ಈಗ ಬೇಡ ಅಂದ್ರೆ ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಬಿಟ್ಟುಕೊಡಿ.

ಮಾತು ದಾರಿ ತಪ್ಪಿದಾಗ ಅರ್ಥವಾದಂತೆ ತಲೆಯಾಡಿಸಬೇಡಿ. ‘ಬಸ್ಸಿನ ವಿಷಯ ಹೇಳ್ತಿದ್ರಿ, ಆಮೇಲೆ ಯಾರೋ ಬೈದ್ರು ಅಂದ್ರಿ. ಯಾರು ಅಂತ ನನಗೆ ಗೊತ್ತಾಗ್ಲಿಲ್ಲ’ ಎಂದು ಎಲ್ಲಿ ಎಳೆ ಕಡಿಯಿತೋ ಅಲ್ಲಿಗೇ ಕರೆತನ್ನಿ. ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದನ್ನು ಸ್ಪಷ್ಟಪಡಿಸದಿರುವುದು ಈ ಕಾಯಿಲೆಯ ಮಾತಿನಲ್ಲಿ ಪದೇ ಪದೇ ಕಾಣುತ್ತದೆ. ಕನ್ನಡದಲ್ಲಿ ಕರ್ತೃವನ್ನೇ ಬಿಟ್ಟು ‘ಬಂದ್ರು, ಬೈದ್ರು, ಹೋದ್ರು’ ಎನ್ನಬಹುದಾದ್ದರಿಂದ ಕೇಳುವವರಿಗೆ ಇನ್ನಷ್ಟು ಗೊಂದಲ. ಭ್ರಮೆಯ ಮಾತು ಬಂದರೆ ವಾದವೂ ಬೇಡ, ಹೌದೆನ್ನುವುದೂ ಬೇಡ. ‘ಅದರಿಂದ ತುಂಬಾ ಭಯ ಆಗಿರ್ಬೇಕು’ ಎಂದು ಅವರ ಭಾವನೆಗೆ ಉತ್ತರ ಕೊಡಿ.

ಕಾಯಿಲೆ ಹತೋಟಿಗೆ ಬಂದ ಮೇಲೆ ದಿನಕ್ಕೆ 10–15 ನಿಮಿಷ ಅಭ್ಯಾಸ ಮಾಡಿಸಬಹುದು. ಕಾಫಿ ಮಾಡುವುದನ್ನು ನಾಲ್ಕು ಹಂತಗಳಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದು, ಕ್ರಮವಾಗಿ ಇಟ್ಟು, ಒಂದೊಂದಕ್ಕೆ ಒಂದು ಪೂರ್ತಿ ವಾಕ್ಯ ಹೇಳಿಸಿ: ಯಾರು, ಏನು ಮಾಡಿದರು, ಆಮೇಲೆ ಏನಾಯಿತು. ಸಲೀಸಾಗಿ ಬಂದಂತೆ ಫೋಟೋಗಳನ್ನು ಒಂದೊಂದಾಗಿ ತೆಗೆಯಿರಿ. ಬಳಿಕ ಮೆಡಿಕಲ್ ಶಾಪಿನಲ್ಲಿ ಆಡಬೇಕಾದ ನಾಲ್ಕು ಸಾಲುಗಳನ್ನು ಚೀಟಿಯಲ್ಲಿ ಬರೆದು, ನೀವು ಅಂಗಡಿಯವರಾಗಿ ಆಡಿ, ನಂತರ ನಿಜವಾದ ಅಂಗಡಿಗೇ ಕರೆದೊಯ್ಯಿರಿ. ಮನೆಯ ಕುರ್ಚಿಯಲ್ಲಿ ಕಲಿತದ್ದು ಅಂಗಡಿಯ ಗಲಾಟೆಯಲ್ಲಿ ತಾನಾಗಿಯೇ ಬರುವುದಿಲ್ಲ. ಈ ಕೊನೆಯ ಹಂತ ಬಿಟ್ಟರೆ ಅಭ್ಯಾಸ ಅರ್ಧಕ್ಕೇ ನಿಂತಂತೆ.

ಮನೆಯವರ ಗಮನಕ್ಕೇ ಬಾರದೆ ಪ್ರಾಣಕ್ಕೆ ಕುತ್ತು ತರುವುದು ನುಂಗುವ ತೊಂದರೆ. ಔಷಧಿಯಿಂದ ನಿಧಾನವಾದ ಗಂಟಲು, ಒಣಗಿದ ಬಾಯಿ, ಜೊತೆಗೆ ಗಬಗಬನೆ ತಿನ್ನುವ ಅಭ್ಯಾಸ, ಮೂರೂ ಸೇರಿದರೆ ತುತ್ತು ಸಿಕ್ಕಿಕೊಳ್ಳುತ್ತದೆ. ರಾಗಿ ಮುದ್ದೆ ಇಲ್ಲಿ ವಿಶೇಷವಾಗಿ ಅಪಾಯಕಾರಿ: ಅಂಟಂಟಾದ ತುತ್ತನ್ನು ಅಗಿಯದೆ ಇಡಿಯಾಗಿ ನುಂಗುತ್ತೇವೆ, ಅದಕ್ಕೆ ನಾಲಿಗೆ ಜೋರಾಗಿ ಹಿಂದಕ್ಕೆ ತಳ್ಳಬೇಕು, ಗಂಟಲು ಸರಿಯಾದ ಹೊತ್ತಿಗೆ ಕೆಲಸ ಮಾಡಬೇಕು. ನುಂಗುವಿಕೆಯ ಪರೀಕ್ಷೆ ಆಗುವವರೆಗೆ ಮುದ್ದೆ, ಒಣ ಅವಲಕ್ಕಿ, ಕಡಲೆಕಾಯಿ ಬೀಜ, ಚಕ್ಕುಲಿ ಬೇಡ. ಅದೇ ರಾಗಿಯನ್ನು ಗಟ್ಟಿ ಅಂಬಲಿ ಮಾಡಿ ಟೀ ಚಮಚದಲ್ಲಿ ಕೊಡಿ. ನೆಟ್ಟಗೆ ಕೂರಿಸಿ, ಬಾಯಿ ಖಾಲಿಯಾದ ಮೇಲಷ್ಟೇ ಮುಂದಿನ ಚಮಚ, ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಗದ್ದ ತಗ್ಗಿಸಿ ನುಂಗುವ ಉಪಾಯ ಎಲ್ಲರಿಗೂ ಹೊಂದುವುದಿಲ್ಲ, ಸ್ಪೀಚ್ ಥೆರಪಿಸ್ಟ್ (ಮಾತು ಮತ್ತು ನುಂಗುವಿಕೆಯ ತಜ್ಞರು) ಹೇಳಿದರೆ ಮಾತ್ರ ಮಾಡಿ. ಊಟದ ನಡುವೆ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ, ಪದೇ ಪದೇ ಜ್ವರ ಅಥವಾ ನ್ಯುಮೋನಿಯಾ, ತೂಕ ಇಳಿಯುವುದು ಎಚ್ಚರಿಕೆಯ ಗುರುತುಗಳು. ಕೆಲವರಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ.

ತುತ್ತು ಸಿಕ್ಕಿಕೊಂಡು ದನಿಯೇ ಹೊರಡದಿದ್ದರೆ 108ಕ್ಕೆ ಫೋನ್ ಮಾಡಿಸಿ. ಮುಂದಕ್ಕೆ ಬಾಗಿಸಿ ಭುಜದ ಮೂಳೆಗಳ ನಡುವೆ ಅಂಗೈಬುಡದಿಂದ 5 ಬಾರಿ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು 5 ಬಾರಿ ಒಳಕ್ಕೆ, ಮೇಲಕ್ಕೆ ಒತ್ತಿ. ಎರಡನ್ನೂ ಸರದಿಯಂತೆ ಮುಂದುವರಿಸಿ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ.

ಥೆರಪಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಪೀಚ್ ಪೆಥಾಲಜಿ (ಮಾತಿನ ತೊಂದರೆಗಳ ಚಿಕಿತ್ಸೆ) ವಿಭಾಗವಿದೆ; ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ಊರಿನವರು ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಭೇಟಿಗೆ ಹೋಗುವಾಗ ಎಲ್ಲ ಮಾತ್ರೆಗಳ ಹೆಸರು ಮತ್ತು ಡೋಸ್, ಯಾವಾಗ ಬದಲಾಯಿತು ಎಂಬ ದಿನಾಂಕ, ಅವರ ಒಪ್ಪಿಗೆ ಪಡೆದು ಮಾಡಿದ ಎರಡು ನಿಮಿಷದ ಮಾತಿನ ರೆಕಾರ್ಡಿಂಗ್ ಮತ್ತು ಒಂದು ಊಟದ ವಿಡಿಯೋ ಒಯ್ಯಿರಿ. ಶ್ರವಣ ಪರೀಕ್ಷೆಯನ್ನೂ ಅಂದೇ ಮಾಡಿಸಿ; ಕಿವಿ ಮಂದವಾಗಿದ್ದರೂ ‘ಉತ್ತರ ಕೊಡಲ್ಲ’ ಎಂದೇ ಕಾಣುತ್ತದೆ.