ಚಾಪ್ಲಿನ್ ಮೂಕಿ ಚಿತ್ರಕ್ಕೆ ಪೇಟಿ ಹಿಡಿದು ಕೂತಾಗ

ನಾನು ನಾಟಕ ಕಂಪನಿಗಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು. ಗೆಳೆಯರ ಬಳಗವೊಂದು ಮೂಕಿ ಚಿತ್ರ ತೋರಿಸುತ್ತೇವೆ, ಎದುರಿಗೇ ಕೂತು ಸಂಗೀತ ಕೊಡಿ ಎಂದಾಗ ನಾನು ಆರಿಸಿದ್ದು ಚಾಪ್ಲಿನ್ನನ ‘ಎ ಫಿಲ್ಮ್ ಜಾನಿ’. 1914ರ ಮಾರ್ಚ್‌ನಲ್ಲಿ ತೆರೆಕಂಡ ಒಂದೇ ರೀಲಿನ ಚಿತ್ರ. ನಿರ್ದೇಶಕ ಜಾರ್ಜ್ ನಿಕೋಲ್ಸ್. ಚಾರ್ಲಿಯ ಟೋಪಿ, ಬೆತ್ತ, ದೊಗಳೆ ಪ್ಯಾಂಟಿನ ವೇಷ ಜನರೆದುರು ಬಂದು ಆಗಿನ್ನೂ ತಿಂಗಳು ತುಂಬಿರಲಿಲ್ಲ.

ಕಥೆ ಚಿಕ್ಕದು. ಸಿನಿಮಾ ನೋಡಲು ಹೋದ ಚಾರ್ಲಿ ಪರದೆಯ ಮೇಲಿನ ‘ಕೀಸ್ಟೋನ್ ಹುಡುಗಿ’ಗೆ ಮನಸೋಲುತ್ತಾನೆ. ಗದ್ದಲ ಮಾಡಿ ಹೊರದಬ್ಬಿಸಿಕೊಳ್ಳುತ್ತಾನೆ. ಅವಳನ್ನು ಹುಡುಕಿಕೊಂಡು ಸೀದಾ ಚಿತ್ರ ತಯಾರಿಸುವ ಕೀಸ್ಟೋನ್ ಕಂಪನಿಯ ಸ್ಟುಡಿಯೋಗೆ ಹೋಗುತ್ತಾನೆ. ಶೂಟಿಂಗ್ ನಡುವೆ ನುಗ್ಗಿ ಎಲ್ಲ ಕೆಡಿಸುತ್ತಾನೆ. ಆಮೇಲೆ ಬೆಂಕಿ, ಪೈಪಿನ ನೀರು. ಕೊನೆಗೆ ಅವನು ಆರಾಧಿಸಿದ ಆ ಹುಡುಗಿಯೇ ಅವನನ್ನು ತಳ್ಳುತ್ತಾಳೆ.

ಸಂಗೀತ ಕಟ್ಟುವ ಮೊದಲು ಮಾಡಬೇಕಾದ್ದು ಚಿತ್ರದ ಪ್ರತಿ (ಪ್ರಿಂಟ್) ನೋಡುವುದು. ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಚೌಕಟ್ಟು (ಫ್ರೇಮ್), ಹೆಚ್ಚುಕಡಿಮೆ ಆಗುತ್ತಲೇ ಇತ್ತು. ಅದನ್ನೇ 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಚಾವಿ ಕೊಟ್ಟ ಗೊಂಬೆಗಳಂತೆ ಕುಣಿಯುತ್ತಾರೆ. ಒಂದೊಂದು ಪ್ರತಿಯ ಓಟ ಒಂದೊಂದು ಥರ. ತೋರಿಸುವ ದಿನ ಯಾವ ಪ್ರತಿ ಹಾಕುತ್ತಾರೋ ಅದರ ಮೇಲೇ ತಾಲೀಮು ಮಾಡಬೇಕು. ಇದರಲ್ಲಿ ರಾಜಿ ಬೇಡ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಥಿಯೇಟರಿನ ಒಳಗಿನ ದೃಶ್ಯ. ಅಲ್ಲಿ ಸಿನಿಮಾದೊಳಗೊಂದು ಸಿನಿಮಾ ಇದೆ. ಹುಡುಗಿ ಪರದೆ ಮೇಲೆ ಬರುತ್ತಿದ್ದಂತೆ ಚಾರ್ಲಿ ಕರಗಿ ಹೋಗುತ್ತಾನೆ, ಅತ್ತುಬಿಡುತ್ತಾನೆ. ಅಕ್ಕಪಕ್ಕದವರಿಗೆ ಅವನ ಕಾಟ ತಡೆಯಲಾಗುವುದಿಲ್ಲ. ತಬಲಾದ ಕಾಕಾ ಕೇಳಿದರು: “ಇಲ್ಲೊಂದು ತಿಹಾಯಿ ಹಾಕಲೇನು? ಜನ ಬಿದ್ದು ಬಿದ್ದು ನಗತಾರ.” ತಿಹಾಯಿ ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು.

“ಬ್ಯಾಡ್ರಿ ಕಾಕಾ, ಅವ ಅಳಾಕತ್ತಾನ. ನಗೋದು ಜನರಿಗೆ ಬಿಡೂಣು” ಅಂದೆ.

ಇಡೀ ಕೆಲಸಕ್ಕೆ ನಾನು ಇಟ್ಟುಕೊಂಡ ನಿಯಮ ಅದೊಂದೇ. ಅಭಿಮಾನಿಯನ್ನು ಸಂಗೀತ ಗೇಲಿ ಮಾಡಬಾರದು. ಅವನಿಗೆ ಆ ಹುಡುಗಿ ನಿಜವಾಗಿಯೂ ದೇವತೆ. ಅವನ ಕಿವಿಗೆ ಏನು ಕೇಳಿಸುತ್ತಿದೆಯೋ ಅದನ್ನೇ ನಾವು ನುಡಿಸಬೇಕು. ತಾರೆಯರನ್ನು ಹೀಗೆ ಹಚ್ಚಿಕೊಂಡವರನ್ನು ಊರೂರಲ್ಲಿ ನೋಡಿದ್ದೇನೆ. ಅವರ ಪ್ರೀತಿಯಲ್ಲಿ ಸುಳ್ಳು ಇರುವುದಿಲ್ಲ.

ಹಾಗಾಗಿ ಹುಡುಗಿಗೆಂದೇ ಪಿಲು ರಾಗದಲ್ಲಿ ಒಂದು ಧಾಟಿ ಕಟ್ಟಿದೆ. ಪಿಲುವಿನಲ್ಲಿ ‘ಗ’ ಸ್ವರದ ಎರಡೂ ರೂಪಕ್ಕೆ, ಅಂದರೆ ಶುದ್ಧ ಗಾಂಧಾರಕ್ಕೂ ಅದಕ್ಕಿಂತ ತುಸು ತಗ್ಗಿದ ಕೋಮಲ ಗಾಂಧಾರಕ್ಕೂ ಜಾಗವಿದೆ, ನನಗೆ ಬೇಕಾದದ್ದೂ ಅದೇ. ಪರದೆಯ ಮೇಲೆ ಅವಳಿದ್ದಾಗ ಪೇಟಿಯ ಭಾತೆ (ಗಾಳಿಚೀಲ) ತುಂಬ ಗಾಳಿ, ಶುದ್ಧ ಗಾಂಧಾರದ ಮೇಲೆ ನಿಲುಗಡೆ, ಕೆಳಗೆ ಕಾಕಾರ ಮೆತ್ತನೆಯ ಕೆಹರವಾ ತಾಳ. ಸ್ಟುಡಿಯೋದಲ್ಲೂ ಅದೇ ಧಾಟಿ. ಆದರೆ ತಬಲಾ ಇಲ್ಲ, ಷಡ್ಜದ (‘ಸ’ ಸ್ವರದ) ಆಸರೆ ಇಲ್ಲ. ಬಲಗೈಯ ಒಂದೇ ಬೆರಳಿನಲ್ಲಿ, ಯಾರೋ ತಾಲೀಮಿಗೆ ಸುಮ್ನೆ ಒತ್ತಿ ನೋಡುತ್ತಿದ್ದ ಹಾಗೆ. ಅಲ್ಲಿ ಅವಳು ಕೆಲಸಕ್ಕೆ ಬಂದ ಹೆಣ್ಣುಮಗಳು, ಅಲ್ವಾ? ಅವಳು ತಳ್ಳುವ ಹೊತ್ತಿಗೆ ಅದೇ ಸಾಲು ಕೋಮಲ ಗಾಂಧಾರಕ್ಕೆ ಇಳಿಯುತ್ತದೆ. ರಾಗ ಗೊತ್ತಿಲ್ಲದವರಿಗೂ ಏನೋ ಕಳಚಿತು ಅನ್ನುವುದು ತಿಳಿಯುತ್ತದೆ.

ಉಳಿದದ್ದು ಸುಲಭ. ಚಾರ್ಲಿ ಪಿಸ್ತೂಲು ಹಾರಿಸಿ ಸಿಗರೇಟು ಹೊತ್ತಿಸುವಲ್ಲಿ ಡಗ್ಗಾದ (ತಬಲಾ ಜೋಡಿಯ ದೊಡ್ಡ ವಾದ್ಯದ) ಮೇಲೆ ಒಂದೇ ಪೆಟ್ಟು. ಓಡಾಟ, ಬೆಂಕಿ ಬಂದಾಗ ಕಾಕಾರಿಗೆ ಪೂರ್ತಿ ಬಿಟ್ಟುಕೊಟ್ಟೆ. ಅವರ ಲಗ್ಗಿಗೆ, ಅಂದರೆ ತಬಲಾದ ಚುರುಕು ನುಡಿತಕ್ಕೆ, ಪೇಟಿ ಅಡ್ಡ ಬರಬಾರದು.

ಕೊನೆಯ ತಮಾಷೆ ಮಾತ್ರ ನಾಜೂಕಿನದು. ತೊಯ್ದು ತೊಪ್ಪೆಯಾದ ಚಾರ್ಲಿ ತನ್ನ ಕಿವಿ ತಿರುಚುತ್ತಾನೆ, ಬಾಯಿಂದ ನೀರು ಚಿಮ್ಮುತ್ತದೆ. ಇಲ್ಲಿ ನಗೆ ಬರುವುದೇ ಅವನ ಮುಖದಿಂದ. ಹಾಗಾಗಿ ಅವನ ಕೈ ಕಿವಿಗೆ ಹೋಗುವ ಮೊದಲೇ ನಾವಿಬ್ಬರೂ ವಾದ್ಯದಿಂದ ಕೈ ಎತ್ತಿದೆವು. ಸಭೆಯ ನಗು ಸಂಗೀತದ ಜಾಗವನ್ನು ತಾನೇ ತುಂಬಿತು. ನಗು ಇಳಿಯುವ ಮೊದಲು ಕಾಕಾ ಮುಕ್ತಾಯದ ತಿಹಾಯಿ ಹೊಡೆದರು. ಮೊದಲು ತಡೆದಿಟ್ಟಿದ್ದೆನಲ್ಲ, ಅದೇ.

ಈಗ ಕೈಗೆತ್ತಿಕೊಂಡಿರುವುದು 1927ರ ಸೋವಿಯತ್ ಚಿತ್ರ, ಸೆರ್ಗೈ ಕೊಮರೋವ್ ನಿರ್ದೇಶಿಸಿದ ‘ಮೇರಿ ಪಿಕ್‌ಫೋರ್ಡಳ ಮುತ್ತು’. ಅದರ ಹಿಂದಿನ ವರ್ಷ ಹಾಲಿವುಡ್ ತಾರೆಯರಾದ ಮೇರಿ ಪಿಕ್‌ಫೋರ್ಡ್ ಮತ್ತು ಆಕೆಯ ಗಂಡ ಡಗ್ಲಸ್ ಫೇರ್‌ಬ್ಯಾಂಕ್ಸ್ ಮಾಸ್ಕೋಗೆ ಬಂದಿದ್ದಾಗ ತೆಗೆದ ದೃಶ್ಯಗಳು ಅದರಲ್ಲಿವೆ. ಇಗೋರ್ ಇಲ್ಯಿನ್ಸ್ಕಿಯದು ಥಿಯೇಟರಿನಲ್ಲಿ ಟಿಕೆಟ್ ನೋಡುವವನ ಪಾತ್ರ. ಮೇರಿ ಅವನ ಕೆನ್ನೆಗೆ ಮುತ್ತು ಕೊಟ್ಟದ್ದೇ ತಡ, ಜನ ಮುಗಿಬೀಳುತ್ತಾರೆ. ತುಟಿಬಣ್ಣದ ಗುರುತು ಅಳಿಸಿದ ಮೇಲೆ ಅವನನ್ನು ಕೇಳುವವರಿಲ್ಲ. ಇಲ್ಲಿ ಒಬ್ಬ ಅಭಿಮಾನಿಯಲ್ಲ, ಊರೇ ಅಭಿಮಾನಿ. ಅಷ್ಟು ದೊಡ್ಡ ಗುಂಪಿಗೆ ಒಂದು ಪೇಟಿ, ಒಂದು ಜೋಡಿ ತಬಲಾ ಸಾಲವು. ಹಳೆಯ ಕಂಪನಿಯ ಕ್ಲಾರಿಯೋನೆಟ್ ವಾದಕರೊಬ್ಬರ ಹತ್ತಿರ ಮಾತಾಡಿದ್ದೇನೆ. ಚಿತ್ರ ನೋಡಿ ಹೇಳುತ್ತೇನೆ ಅಂದಿದ್ದಾರೆ.